ಅವನ ಖಾತೆಯಲ್ಲಿ ಅವಳ ಹೆಸರು

"ನಿಮ್ಮ ಸಿನಿಮಾ ಆಪ್ ಸದಸ್ಯತ್ವದ ಹಣ ಪಾವತಿಯಾಗಿಲ್ಲ. ಇಂದೇ ಕಟ್ಟದಿದ್ದರೆ ನಿಮ್ಮ ಪ್ರೊಫೈಲ್ ಶಾಶ್ವತವಾಗಿ ಅಳಿಸಿಹೋಗುತ್ತದೆ. ಇಲ್ಲಿ ಒತ್ತಿ."

ಮೆಸೇಜ್ ಬಂದಾಗ ಅವಳು ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜನ ಕಣ್ಣು ಪರೀಕ್ಷಿಸುತ್ತಿದ್ದಳು. "ಈ ಗ್ಲಾಸಲ್ಲಿ ಚೆನ್ನಾಗಿ ಕಾಣ್ಸುತ್ತಾ, ಇದರಲ್ಲಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಫೋನ್ ನೋಡಿದಳು.

"ಎರಡರಲ್ಲೂ ನಿನ್ನ ಮುಖ ಬಾಡಿದ ಹಾಗೇ ಕಾಣ್ತಿದೆ, ಮಗಳೇ" ಅಂದರು ಅಜ್ಜ.

ಖಾತೆ ಅವಳದಲ್ಲ, ಅವನದು. ಅವನು ಲಿಫ್ಟ್ ರಿಪೇರಿ ಮಾಡುವವನು. ಇಬ್ಬರೂ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು. ಮದುವೆಯ ಮಾತಿಗೆಂದು ಅವಳ ಮನೆಗೆ ಬರಬೇಕಿದ್ದ ಸಂಜೆ ಅವನು ಬರಲಿಲ್ಲ, ಒಂದು ಫೋನೂ ಮಾಡಲಿಲ್ಲ. "ಲಿಫ್ಟ್ ರಿಪೇರಿಯವನಿಗೆ ಇಷ್ಟು ಜಂಬವೇ" ಎಂದು ಅವಳು ಮರುದಿನ ಮುಖಕ್ಕೆ ಹೊಡೆದಂತೆ ಅಂದಳು. ಅವನು ಉತ್ತರಿಸದೆ ಹೋದ. ಆ ಸಂಜೆ ಅವನು ಕೆಟ್ಟು ನಿಂತ ಲಿಫ್ಟಿನಿಂದ ತುಂಬು ಬಸುರಿಯೊಬ್ಬಳನ್ನು ಇಳಿಸುತ್ತಿದ್ದನೆಂದು ಅವಳಿಗೆ ಬೇರೆಯವರಿಂದ ತಿಳಿಯುವಷ್ಟರಲ್ಲಿ ಮಾತು ಆಡಿ ಆಗಿತ್ತು. ಮೊದಲು ಫೋನ್ ಯಾರು ಮಾಡಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು: ಇನ್ನೊಬ್ಬರು.

ಉಳಿದದ್ದು ಸಿನಿಮಾ ನೋಡುವ ಆ ಖಾತೆ. ತೆರೆದರೆ ಎರಡು ಚೌಕ. ಒಂದರಲ್ಲಿ ಅವನ ಹೆಸರು, ಇನ್ನೊಂದರಲ್ಲಿ ಅವನೇ ಅವಳಿಗಿಟ್ಟ ಹೆಸರು, 'ಮುಂಗೋಪಿ'. ಇಷ್ಟಾದರೂ ಅವನು ಅದನ್ನು ತೆಗೆದಿರಲಿಲ್ಲ. ಅವಳು ಸಂಜೆ ಸಂಜೆ ಆಪ್ ತೆರೆಯುತ್ತಿದ್ದುದು ಸಿನಿಮಾಕ್ಕಲ್ಲ. ಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ಬಂದು ನೋಡುವವರ ಹಾಗೆ, ಹೆಸರು ಇದೆಯೇ ಎಂದು ನೋಡಿ ಮುಚ್ಚುತ್ತಿದ್ದಳು.

ಈಗಲೂ ತೆರೆದು ನೋಡಬಹುದಿತ್ತು. ತೆರೆದಾಗ ಹೆಸರಿಲ್ಲದಿದ್ದರೆ? ಅವನಿಗೇ ಫೋನ್ ಮಾಡಬಹುದಿತ್ತು. ಅದಕ್ಕಿಂತ ಗುರುತಿಲ್ಲದವನಿಗೆ ಕಾರ್ಡ್ ನಂಬರ್ ಕೊಡುವುದೇ ಅವಳಿಗೆ ಸುಲಭವಾಗಿ ಕಂಡಿತು. ಅಜ್ಜನನ್ನು ಕಳಿಸಿ, ಲಿಂಕ್ ಒತ್ತಿ, ನಂಬರ್ ತುಂಬಿದಳು. ಓಟಿಪಿ ಬಂತು.

ಅಂಗಡಿ ಅಣ್ಣನದು, ಗಲ್ಲಾದಲ್ಲಿ ಕೂರುವವಳು ಅತ್ತಿಗೆ. ಆಕೆಯ ಕಣ್ಣಿಗೆ ಕನ್ನಡಕ ಬೇಕಿರಲಿಲ್ಲ.

"ಏನೇ ಅದು, ಕಾರ್ಡ್ ಯಾಕೆ ತೆಗ್ದೆ?"

"ಏನಿಲ್ಲ ಅತ್ತಿಗೆ, ಓಟಿಪಿ."

"ಯಾತಕ್ಕೆ ಅಂತ ಬರ್ದಿರುತ್ತಲ್ಲ, ಓದು."

"ಓದ್ಲಿಲ್ಲ."

"ಊರಿಗೆಲ್ಲ ಸಣ್ಣಕ್ಷರ ಓದಿಸ್ತೀಯ, ನೀನು ಓದಲ್ವಾ? ಕೊಡಿಲ್ಲಿ." ಅತ್ತಿಗೆ ಫೋನ್ ಕಿತ್ತುಕೊಂಡು ಮೊದಲ ಮೆಸೇಜನ್ನೂ ಓಟಿಪಿಯನ್ನೂ ಓದಿದಳು. ಓಟಿಪಿಯಲ್ಲಿ ಸಿನಿಮಾದ ಸುದ್ದಿಯೇ ಇರಲಿಲ್ಲ. ಯಾವುದೋ ಮೊಬೈಲ್ ಅಂಗಡಿ, ತಿಂಗಳ ಸಂಬಳ ನುಂಗುವ ಮೊತ್ತ. "ಅಲ್ವೇ, ಖಾತೆ ಅವನದು, ಕಟ್ಟೋನು ಅವನು. ಕಟ್ಟಿಲ್ಲ ಅಂತ ನಿನ್ನ ನಂಬರಿಗೆ ಯಾಕೆ ಬರುತ್ತೆ?"

ಇಷ್ಟು ಸರಳವಾದ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಲ್ಲ. ಎದೆ ಬಡಿದುಕೊಳ್ಳುವಾಗ ಲೆಕ್ಕ ಹೊಳೆಯುವುದಿಲ್ಲ. ಇಂಥ ಮೆಸೇಜ್ ಬರೆಯುವವರಿಗೆ ಅದು ಚೆನ್ನಾಗಿ ಗೊತ್ತು.

ಅತ್ತಿಗೆ ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದಳು. ಹಣ ಹೋಗುವ ಮೊದಲೇ ಕಾರ್ಡ್ ಬಂದ್ ಮಾಡಿದ ಬ್ಯಾಂಕಿನ ಹುಡುಗಿ ಹೇಳಿದಳು: "ಬಂದ ಲಿಂಕ್ ಒತ್ತಲೇಬೇಡಿ ಮೇಡಂ. ಅನುಮಾನ ಬಂದ್ರೆ ನೀವೇ ಆಪ್ ತೆಗೆದು ನೋಡಿ. ಖಾತೆ ಬೇರೆಯವರದಾದ್ರೆ ಅವರನ್ನೇ ನೇರವಾಗಿ ಕೇಳಿ."

"ಕೇಳಿಸ್ತಾ?" ಅಂದಳು ಅತ್ತಿಗೆ. "ಕಾರ್ಡ್ ಬಂದ್ ಆಯ್ತು. ಇನ್ನು ಬಾಯಿ ತೆರಿ."

ಅವಳು ಹಿಂದಿನ ಕೋಣೆಗೆ ಹೋಗಿ, ಅಕ್ಷರಗಳ ಚಾರ್ಟಿನ ಎದುರು ನಿಂತು ಫೋನ್ ಮಾಡಿದಳು.

"ನಾನು."

"ಗೊತ್ತು." ಆ ಕಡೆ ಕಬ್ಬಿಣ ಬಡಿಯುವ ಸದ್ದು ನಿಂತಿತು.

"ನನ್ನ ಹೆಸರು ತೆಗೆದುಬಿಟ್ಯಾ?"

"ಎಲ್ಲಿಂದ?"

ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಆ ಮೆಸೇಜ್ ನನಗೂ ಬಂದಿತ್ತು. ಆಪ್ ತೆಗೆದು ನೋಡ್ದೆ. ಎಲ್ಲ ಸರಿಯಾಗಿತ್ತು. ನೀನೂ ಇದ್ದೆ."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

"ಕಳ್ಳನಿಗೆ ನಂಬರ್ ಕೊಡೋ ಬದಲು ನನ್ನ ಕೇಳೋಕೆ ಆಗ್ಲಿಲ್ವಾ?"

"ನೀನು ಹೌದು, ತೆಗೆದೆ ಅಂದುಬಿಟ್ಟಿದ್ರೆ? ಕಳ್ಳ ಹಾಗನ್ನಲಿಲ್ಲ. ದುಡ್ಡು ಕೊಟ್ರೆ ಉಳಿಸ್ತೀನಿ ಅಂದ."

ಅವನು ನಗಲು ಹೋಗಿ ನಗಲಿಲ್ಲ.

"ಆವತ್ತು ನಿನ್ನ ಕೆಲಸದ ಬಗ್ಗೆ ಅಂದದ್ದು ನನಗೇ ಇನ್ನೂ ಚುಚ್ತಿದೆ ಕಣೋ. ತಪ್ಪಾಯ್ತು."

"ನೋವಾಗಿತ್ತು" ಅಂದ ಅವನು. ಮರೆಮಾಚಲಿಲ್ಲ. "ಆಗ ಒಂದ್ಸಲ ನಿನ್ನ ಹೆಸರು ತೆಗೆಯೋಕೇ ಕೂತೆ. ಒತ್ತಿದ್ರೆ, 'ಖಚಿತವೇ?' ಅಂತ ಕೇಳ್ತು."

"ಆಮೇಲೆ?"

"ಖಚಿತ ಇರ್ಲಿಲ್ಲ."

ಅವಳ ಎದುರಿದ್ದ ಚಾರ್ಟಿನ ದೊಡ್ಡ ಅಕ್ಷರವೂ ಮಂಜಾಯಿತು. ಸೆರಗಿನಲ್ಲಿ ಕಣ್ಣೊತ್ತಿಕೊಂಡಳು.

"ನಿಮ್ಮಪ್ಪ ಸಂಜೆ ಮನೇಲಿರ್ತಾರಾ?" ಅವನು ಕೇಳಿದ.

"ಇರ್ತಾರೆ. ಬಯ್ಯಬಹುದು."

"ಬಯ್ಯಲಿ. ಬರ್ತೀನಿ. ತಡ ಆಗೋ ಹಾಗಿದ್ರೆ ಫೋನ್ ಮಾಡ್ತೀನಿ."

"ನೀನು ಕೆಲಸ ನೋಡ್ಕೋ" ಅಂದಳು ಅವಳು. "ತಡ ಆದ್ರೆ ನಾನೇ ಮಾಡಿ ಕೇಳ್ತೀನಿ."