ಅಟ್ಟದ ಮೇಲಿಟ್ಟ ಅವ್ವನ ದನಿ

“ಗಡಗಡ ಅಂತೈತೆ ಕಣವ್ವ. ಏನೂ ಆಗಿಲ್ಲ ಬುಡು.”

ಶಂಭುಲಿಂಗಯ್ಯನವರು, ಲ್ಯಾಪ್‌ಟಾಪಿನಲ್ಲಿ ತೆರೆಯದೇ ಹೋದ ಮಗಳ ಹಾರ್ಡ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿದರು. ಹಂದನಕೆರೆಯಲ್ಲಿ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ನೋಡುವುದೇ ಹಾಗೆ. ಒಳಗೆ ಸದ್ದು ಬಂದರೆ ಒಡೆಯಬಹುದು.

“ಯಜಮಾನ್ರೇ... ಅದು ಸದ್ದು ಮಾಡಬಾರ್ದು.”

ಬಾಗಿಲಲ್ಲಿ ಮಲ್ಲೇಶ್ ನಿಂತಿದ್ದ. ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಗಾನವಿ ಅಪ್ಪನ ಮುಖ ನೋಡಿದಳು. ನಮ್ಮ ಮನೆ ಕಡೆ ತಲೆ ಹಾಕಬೇಡಿ ಎಂದು ತಾನು ಯಾರಿಗೆ ಹೇಳಿ ಬಂದಿದ್ದಳೋ ಅವನನ್ನೇ ಅಪ್ಪ ಹೇಳದೆ ಕೇಳದೆ ಕರೆಸಿದ್ದರು!

ಆ ಡಿಸ್ಕಿನಲ್ಲಿ ಇದ್ದದ್ದು ಅವಳ ಅವ್ವ. ದ್ರಾಕ್ಷಾಯಣಮ್ಮ ಬದುಕಿದ್ದಾಗ ಹಾಡಿದ ಸೋಬಾನೆ ಪದಗಳು, ನಡುನಡುವೆ ಕೆಮ್ಮು, ಒಂದಿಷ್ಟು ಗದರಿಕೆ... ಬೇರೆಲ್ಲೂ ಉಳಿದಿಲ್ಲ ಆ ದನಿ ಎಂದೇ ಅವಳು ತಿಳಿದಿದ್ದಳು. ಅದಕ್ಕೇ ಅವ್ವ ತೀರಿಕೊಂಡ ಮೇಲೆ ಗಾನವಿ ಅದನ್ನು ಬಟ್ಟೆಯಲ್ಲಿ ಸುತ್ತಿ, ಅಟ್ಟದ ಮೇಲೆ ಕಾಯಿಗಳ ನಡುವೆ ಜೋಪಾನ ಮಾಡಿದ್ದಳು. ಈ ಮನೆಯಲ್ಲಿ ಕೆಡಬಾರದ್ದೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ. ಕೆಳಗಿನ ಒಲೆಯ ಬಿಸಿಗೆ ಕಾಯಿ ಕೊಬ್ಬರಿಯಾಗುತ್ತದೆ. ಡಿಸ್ಕ್ ಏನಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ.

ಮಲ್ಲೇಶ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ. ಟಿಕ್... ಟಿಕ್... ಅಷ್ಟೇ. ಇದು ಹೋಯಿತು ಎಂಬಂತೆ ತಲೆಯಾಡಿಸಿದ.

ಅವ್ವ ಹಾಡುತ್ತಿದ್ದ ದಿನಗಳಲ್ಲಿ ಆ ಹಾಡು ತುಂಬಿಸಿಡಲು ಲ್ಯಾಪ್‌ಟಾಪ್ ಸರಿಮಾಡಿ ಕೊಟ್ಟವನೂ ಅವನೇ. ಬರಬರುತ್ತಾ ಅವನು ಬರುವ ದಿನ ಕಾಫಿಗೆ ಬೆಲ್ಲ ಹಾಕಿದೆನೋ ಇಲ್ಲವೋ ಎಂಬುದೇ ಗಾನವಿಗೆ ಮರೆಯುತ್ತಿತ್ತು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಯಾರೂ ಮುಟ್ಟದೆ ಪರದೆಯ ಮೇಲೆ ಕಪ್ಪನೆಯ ಚೌಕವೊಂದು ತೆರೆದುಕೊಂಡಿತು. ಅವ್ವನ ಹಾಡುಗಳು ಒಂದೊಂದಾಗಿ, ಅವನು ಸಿಕ್ಕಿಸಿ ಬಿಟ್ಟುಹೋಗಿದ್ದ ‘ಮಲ್ಲೇಶ್’ ಎಂಬ ಹೆಸರಿನ ಡಿಸ್ಕಿಗೆ ಇಳಿಯುತ್ತಿದ್ದವು.

ಕದ್ದು ಸಿ.ಡಿ. ಮಾಡಿ ಮಾರುವುದಕ್ಕಾ... ಇಷ್ಟೇನಾ ಇವನು?

ಮಾರನೇ ದಿನ ಅಂಗಡಿಯ ಮೇಜಿನ ಮೇಲೆ ಅದನ್ನು ಕುಕ್ಕಿ, ಎಲ್ಲಾ ಅಳಿಸಿಬಿಡಿ ಎಂದು ಬೈದು, ಅವನ ಒಂದು ಮಾತಿಗೂ ನಿಲ್ಲದೆ ಬಸ್ಸು ಹತ್ತಿದ್ದಳು. ಅದಾದ ಮೇಲೆ ಅವ್ವ ಹಾಸಿಗೆ ಹಿಡಿದಳು, ಹಾಡಲೇ ಇಲ್ಲ.

ಈಗ ಅದೇ ಡಿಸ್ಕ್ ಅವನ ಚೀಲದಿಂದ ಹೊರಬಂತು.

ಎರಡನ್ನೂ ಸಿಕ್ಕಿಸಿಟ್ಟರೆ ದಿನಾ ಸಂಜೆ ಹೊಸ ಹಾಡು ತಾನಾಗೇ ಇನ್ನೊಂದಕ್ಕೂ ನಕಲಾಗುವಂತೆ ಮಾಡಿದ್ದೆ, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ, ಎಂದು ಅವನು ತಡವರಿಸುತ್ತಾ ಹೇಳಿದ. ತನ್ನ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡಿದ್ದನಂತೆ. ಡಿಸ್ಕಿನ ಹೆಸರು ಬದಲಿಸುವುದೊಂದನ್ನು ಮರೆತಿದ್ದನಂತೆ.

ಅವನು ಗುಂಡಿ ಒತ್ತಿದ.

‘ಸಾಕು ಬುಡೇ ಗಾನವಿ, ಒಲೆ ಮೇಲೆ ಸಾರೈತೆ...’

ಶಂಭುಲಿಂಗಯ್ಯನವರು ತಟ್ಟನೆ ಅಡುಗೆಮನೆಯತ್ತ ತಿರುಗಿ ನೋಡಿದರು. ಗಾನವಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಯಾಕ್ರೀ ಹೇಳ್ಲಿಲ್ಲ?”

“ನೀವು ನಿಂತ್ಕಂಡು ಕೇಳುದ್ರೆ ತಾನೆ ಹೇಳಾದು?”

“ಅಷ್ಟು ಬೈಸ್ಕಂಡೂ ಇಟ್ಕಂಡಿದ್ರಲ್ಲ ಇದ್ನ...”

“ನಿಮ್ಮವ್ವನ ದನಿ ಅಲ್ವೇನ್ರೀ, ಅಳಿಸಕ್ಕಾಯ್ತದಾ? ಮತ್ತೆ... ಕೊನೇ ಹಾಡಲ್ಲಿ ನೀವೂ ದನಿ ಸೇರ್ಸಿದೀರ. ದಿನಾ ಅಂಗ್ಡಿ ಬಾಗ್ಲು ಹಾಕೋ ಮುಂಚೆ ಅದೊಂದು ಕೇಳ್ತಿದ್ದೆ.”

ಥ್ಯಾಂಕ್ಸ್ ಎಂಬ ಮಾತು ಅವಳಿಗೆ ತೀರಾ ಚಿಕ್ಕದೆನಿಸಿತು. ನನ್ನ ಅವ್ವನನ್ನು ಎರಡನೇ ಸಲ ಕಳೆದುಕೊಳ್ಳದಂತೆ ಕಾದವನಿಗೆ ಏನು ಕೊಡಲಿ?

“ಇನ್ಮೇಲೆ ಇಲ್ಲೇ ಬಂದು ಕೇಳಿ. ನಾನೇ ಹಾಡ್ತೀನಿ.”

“ದಿನಾನಾ?”

“ದಿನಾ ಸಂಜೆ. ತಾನಾಗೇ.”

ಹಾಡೆಲ್ಲ ಮುಗಿದ ಮೇಲೆ ಶಂಭುಲಿಂಗಯ್ಯನವರು ಆ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅಭ್ಯಾಸದಂತೆ ಕಿವಿಯ ಹತ್ತಿರ ಒಯ್ದವರು, ಅಲ್ಲಾಡಿಸದೆ ಹಾಗೇ ಹಿಡಿದುಕೊಂಡು ನಿಂತರು.