ಕೋಳಿಯ ಬೆನ್ನು ಹತ್ತಿದ ಏಜೆಂಟರು

"ಅಲುಗಾಡಬ್ಯಾಡಲೇ, ಕೋಳಿ ನಮ್ಮನ್ನ ನೋಡಾಕತ್ತೈತಿ," ಎಂದು ಸ್ಫೂರ್ತಿ ಪಿಸುಗುಟ್ಟಿದಳು.

ಹುಲ್ಲಿನ ಬಣವೆಯ ಹಿಂದೆ ಅವಳು ಬೋರಲು ಮಲಗಿದ್ದಳು. ಪಕ್ಕದಲ್ಲಿ ಓಬಳೇಶ. ಇಬ್ಬರೂ ಐದನೇ ಕ್ಲಾಸು, ಇಬ್ಬರೂ ಬುಕ್ಕಸಾಗರದ ಒಂದೇ ಓಣಿಯವರು, ಬೇಸಿಗೆ ರಜೆ ಶುರುವಾದಾಗಿನಿಂದ ಇಬ್ಬರೂ ಸೀಕ್ರೆಟ್ ಏಜೆಂಟರು. ಸ್ಫೂರ್ತಿ ಹಂಪಿಯ ಅಂಗಡಿಯಲ್ಲಿ ಕೊಂಡ ಕಪ್ಪು ಕನ್ನಡಕ ಹಾಕಿದ್ದಳು. ಅದರ ಒಂದು ಕಡ್ಡಿ ಮುರಿದಿದ್ದರಿಂದ ಅದು ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಓಬಳೇಶ ಮಳೆಗಾಲದ ರೇನ್‌ಕೋಟು ತೊಟ್ಟಿದ್ದ. ಏಜೆಂಟರು ಕೋಟು ಹಾಕುತ್ತಾರೆ, ಅವನ ಹತ್ತಿರ ಇದ್ದ ಕೋಟು ಅದೊಂದೇ. ಏಪ್ರಿಲ್ ಬಿಸಿಲಿಗೆ ಅದರೊಳಗೆ ಅವನು ಇಡ್ಲಿಯ ಹಾಗೆ ಬೇಯುತ್ತಿದ್ದ.

"ಚೀಫ್, ಕೋಟು ಬಿಚ್ಚಲಾ?"

"ಡ್ಯೂಟಿ ಮ್ಯಾಲೆ ಬಿಚ್ಚಂಗಿಲ್ಲ."

ಅವರು ಕಾಯುತ್ತಿದ್ದುದು ಪಕ್ಕದ ಮನೆಯ ಪಕೀರಮ್ಮನ ಕೋಳಿಬುಟ್ಟಿಯನ್ನು. ಪಕೀರಮ್ಮನಿಗೆ ಕೆಂಪಿ ಅನ್ನುವ ಒಂದು ಜವಾರಿ ಕೋಳಿ ಇತ್ತು. ಸುಮಾರು ದಿನಗಳಿಂದ ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಕಾಣಿಸಿರಲಿಲ್ಲ. ನಿನ್ನೆ ಅವಳು ಬಂದು ನೋಡಿದರೆ ಬುಟ್ಟಿಯೊಳಗೆ ಮೂತಿ ಇಟ್ಟುಕೊಂಡು ನಿಂತಿದ್ದದ್ದು ಟೈಗರ್. ಟೈಗರ್ ಸ್ಫೂರ್ತಿಯ ನಾಯಿ. ಹೆಸರಿಗೆ ಟೈಗರ್, ಇಲಿ ಕಂಡರೆ ಮಂಚದ ಕೆಳಗೆ ಹೋಗುತ್ತದೆ.

"ಕಳ್ಳ ಸಿಕ್ಕ ನೋಡ್ರೀ!" ಎಂದು ಪಕೀರಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದ್ದಳು. "ತತ್ತಿ ರುಚಿ ಹತ್ತಿದ ನಾಯಿ ಬಿಡಂಗಿಲ್ಲ. ನಾಳೆ ಸಂಜಿಗೆ ನಿಮ್ಮ ಬಾಳಿಗೊನಿ ಗಾಡಿ ಕಂಪ್ಲಿಗೆ ಹೊಂಟೈತಲ್ಲ, ಅದರಾಗ ಹಾಕ್ಕೊಂಡು ಹೋಗಿ ಅಲ್ಲೇ ಬಿಟ್ಟು ಬರ್ರಿ."

ಮಗ್ಗುಲ ಮನೆಯವರ ಜೊತೆ ಜಗಳ ಯಾಕೆ ಎಂದು ಅಪ್ಪ "ಆತು ಬಿಡವಾ" ಅಂದುಬಿಟ್ಟ. ಸ್ಫೂರ್ತಿ ಅತ್ತಳು. ಊಟ ಬಿಟ್ಟಳು. ಆಮೇಲೆ ಹಸಿವು ತಡೆಯಲಾರದೆ ರೊಟ್ಟಿ ತಿನ್ನುತ್ತಾ ಅತ್ತಳು. ಕೊನೆಗೆ ಅಪ್ಪ, "ನಾಳೆ ಗಾಡಿ ಹೊಂಡೂದ್ರೊಳಗ ಬ್ಯಾರೆ ಕಳ್ಳನ್ನ ತೋರ್ಸು, ಬಿಡ್ತೀನಿ" ಎಂದಿದ್ದ.

ಈಗ ಟೈಗರ್ ಬೇವಿನ ಮರಕ್ಕೆ ಕಟ್ಟಿಹಾಕಿಸಿಕೊಂಡು, ಏನೂ ಗೊತ್ತಿಲ್ಲದೆ, ಹೋಗಿ ಬರುವವರಿಗೆಲ್ಲ ಬಾಲ ಆಡಿಸುತ್ತಿತ್ತು.

ಬಿಸಿಲು ನೆತ್ತಿಗೆ ಬಂತು. ಕಳ್ಳ ಬರಲಿಲ್ಲ. ಬೆಕ್ಕು ಬರಲಿಲ್ಲ, ಹಾವು ಬರಲಿಲ್ಲ, ಮಂಗ ಸಹ ಬರಲಿಲ್ಲ. ಸ್ಫೂರ್ತಿಗೆ ಥಟ್ಟನೆ ಹೊಳೆಯಿತು.

"ಲೇ, ಕಳ್ಳ ಬರಲಿಲ್ಲ ಖರೆ. ಕೋಳಿನೂ ಬುಟ್ಟಿ ಕಡಿಗೆ ಬರಲಿಲ್ಲಲ್ಲಲೇ! ಬುಟ್ಟ್ಯಾಗ ತತ್ತಿನ ಇಡದಿದ್ರ ಟೈಗರ್ ಏನು ತಿಂತಾನ?"

"ಹಂಗಾರ ಎಲ್ಲಿ ಇಡ್ತೈತಿ?"

"ಅದನ್ನ ಕಂಡುಹಿಡೀಬೇಕು. ನಡಿ, ಬೆನ್ನು ಹತ್ತೋಣ."

ಕೋಳಿಯ ಬೆನ್ನು ಹತ್ತುವುದು ಅಷ್ಟು ಸುಲಭವಲ್ಲ. ಅವರು ನಡೆದರೆ ಕೆಂಪಿ ನಡೆಯಿತು. ಅವರು ನಿಂತರೆ ಕೆಂಪಿ ನಿಂತು, ಕುತ್ತಿಗೆ ಓರೆ ಮಾಡಿ, ಒಂದೇ ಕಣ್ಣಿನಿಂದ ಅವರನ್ನು ನೋಡಿತು. ಎಮ್ಮೆಯ ಬಾನಿಯಲ್ಲಿ ನೀರು ಕುಡಿಯಿತು. ತಿಪ್ಪೆ ಕೆದರಿತು. ತಮಗೆ ಊರಲ್ಲಿ ಏನೂ ಕೆಲಸವಿಲ್ಲ ಎನ್ನುವವರ ಹಾಗೆ ಮಣ್ಣಿನಲ್ಲಿ ಹೊರಳಾಡಿತು. ಓಬಳೇಶ ಬೆವರು ಒರೆಸಿಕೊಳ್ಳಲು ಕಣ್ಣು ಮುಚ್ಚಿದ. ಕಣ್ಣು ಬಿಟ್ಟಾಗ ಕೋಳಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅದು ಓಣಿಯ ಇನ್ನೊಂದು ತುದಿಯಲ್ಲಿ ಕಾಣಿಸಿತು, ಅವರತ್ತ ಬೆನ್ನು ಹಾಕಿಕೊಂಡು.

"ಚೀಫ್, ಇದು ನಮಗಿಂತ ದೊಡ್ಡ ಏಜೆಂಟು," ಎಂದ ಓಬಳೇಶ.

ಇನ್ನೊಬ್ಬರು ಬೇಕಾಯಿತು. ಓಣಿ ಮುಗಿದು ಬಾಳೆತೋಟ ಶುರುವಾಗುವ ಜಾಗದಲ್ಲಿಯೇ ಸ್ಫೂರ್ತಿಯ ಮನೆ. ಕಟ್ಟೆಯ ಮೇಲೆ ಅಜ್ಜಿ ದುರುಗವ್ವ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಾ ಕೂತಿದ್ದಳು.

"ಅಜ್ಜಿ, ಇವತ್ತಿಂದ ನೀನೂ ಏಜೆಂಟು."

"ಪಗಾರ ಎಷ್ಟು ಕೊಡ್ತೀಯವಾ?"

"ಚಾಷ್ಟಿ ಬ್ಯಾಡಜ್ಜಿ! ಟೈಗರ್‌ನ ಒಯ್ದುಬಿಡ್ತಾರ. ನಾವು ಆ ಕಡಿಂದ ಬರ್ತೀವಿ. ಕೆಂಪಿ ನಿನ್ನ ಮುಂದ ಹಾದು ಹೋದ್ರ ಕೂಗು. ಆದ್ರ ಕೋಳಿ ಅಂತ ಕೂಗಬ್ಯಾಡ, ಅದಕ್ಕ ಗೊತ್ತಾಗ್ತೈತಿ. ಕೋಡ್ ವರ್ಡ್ ಹೇಳ್ಬೇಕು. 'ಹುಲುಗಪ್ಪ ಬಂದ' ಅನ್ನು. ಊರಾಗ ಮನಿಗೊಬ್ಬ ಹುಲುಗಪ್ಪ ಅದಾನ, ಯಾರಿಗೂ ಡೌಟ್ ಬರಂಗಿಲ್ಲ."

ಅಜ್ಜಿಯ ಕೈ ನಿಂತಿತು. "ಬ್ಯಾರೆ ಹೆಸರು ಸಿಗಲಿಲ್ಲೇನವಾ ನಿನಗ? ಅದು ನನಗ..."

ಅವಳು ಮಾತು ಮುಗಿಸುವಷ್ಟರಲ್ಲಿ ಇಬ್ಬರೂ ಓಡಿಬಿಟ್ಟಿದ್ದರು.

ಅವರು ಓಣಿಯ ಆ ತುದಿ ಮುಟ್ಟಿದ್ದರೋ ಇಲ್ಲವೋ, ಅಜ್ಜಿಯ ಕೂಗು ಕೇಳಿಸಿತು.

"ಬಂದ್ರು! ಬಂದ್ರು!"

"ಯಾರು ಬಂದ್ರಜ್ಜಿ?"

"ಅವರು!"

"ಅವರು ಅಂದ್ರ ಯಾರು? ಕೋಡ್ ಹೇಳು, ಕೋಡ್!"

ಅಜ್ಜಿ ಕೈಯಲ್ಲಿ ಹುಣಸೆಹಣ್ಣು ಹಿಡಿದುಕೊಂಡೇ ಎದ್ದು ನಿಂತಳು. "ಅವರು, ನಿಮ್ಮ ತಾತ! ನಿಮ್ಮ ತಾತ ರೆಕ್ಕಿ ಬಡಕೊಂತ ತ್ವಾಟಕ್ಕ ಹೊಂಟಾರ, ಹಿಡೀರಿ!"

ಒಳಗಿನಿಂದ ತಾತ ಹೊರಗೆ ಬಂದ. ಅರ್ಧ ಮುಖಕ್ಕೆ ಸೋಪಿನ ನೊರೆ, ಇನ್ನರ್ಧ ನುಣುಪು. ಕೈಯಲ್ಲಿ ರೇಜರು.

"ನಾನೆಲ್ಲಿ ಹೊಂಟೀನಿ? ಇಲ್ಲೇ ಗಡ್ಡ ಮಾಡ್ಕೊಳ್ಳಾಕತ್ತೀನಿ. ಏನಾತು ಇಕಿಗೆ?"

ಓಡಿ ಬಂದ ಸ್ಫೂರ್ತಿ ತಾತನ ಮುಖ ನೋಡಿ ಹಣೆ ಬಡಿದುಕೊಂಡಳು. ತಾತನ ಹೆಸರು ಹುಲುಗಪ್ಪ. ಮದುವೆಯಾದಾಗಿನಿಂದ ಅಜ್ಜಿ ಒಮ್ಮೆಯೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಮೊಮ್ಮಗಳನ್ನು ಮುಂದೆ ತಳ್ಳಿ "ನೀ ಹೇಳವಾ" ಎನ್ನುವವಳು. ಅಂಥವಳಿಗೆ ಕೋಳಿಯನ್ನು ಆ ಹೆಸರಿನಿಂದ ಕೂಗು ಎಂದರೆ ಹೇಗೆ?

"ಮದ್ಲೇ ಹೇಳಬೇಕಿಲ್ಲೇನಜ್ಜಿ!"

"ನೀ ಹೇಳಾಕ ಬಿಟ್ಟರಲ್ಲ!" ಎಂದ ಅಜ್ಜಿ ಗದ್ದದಿಂದಲೇ ತೋಟದ ಕಡೆ ತೋರಿಸಿದಳು. "ಹೋಗ್ರಿ ಜಲ್ದಿ. ಆ ಬಿದ್ದ ಮಂಟಪದ ಕಡಿಗೆ ಹೋತು."

ತಾತ ನೊರೆಯ ಮುಖದಲ್ಲೇ ಕೇಳುತ್ತಿದ್ದ, "ನನಗ ರೆಕ್ಕಿ ಯಾವಾಗ ಬಂದ್ವು?"

ಬಾಳೆತೋಟದ ನಡುವೆ ಹಳೆಯ ಮಂಟಪವೊಂದು ಕುಸಿದು ಬಿದ್ದಿತ್ತು. ಓರೆಯಾಗಿ ನಿಂತ ಒಂದು ಚಪ್ಪಡಿಯ ಕೆಳಗೆ ಒಣಗಿದ ಬಾಳೆ ಎಲೆ ರಾಶಿ ಬಿದ್ದಿತ್ತು. ಸ್ಫೂರ್ತಿ ಮೊಣಕಾಲೂರಿ ಬಗ್ಗಿದಳು.

ಎರಡು ಕಣ್ಣುಗಳು ಅವಳನ್ನು ನೋಡುತ್ತಿದ್ದವು. ಕೆಂಪಿ ಎಲೆಗಳ ನಡುವೆ ಗುಂಡಗೆ ಗುಳಿ ಮಾಡಿಕೊಂಡು ಕೂತಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಒಂದಕ್ಕೊಂದು ಒರಗಿಕೊಂಡ ಮೊಟ್ಟೆಗಳು ಇಣುಕುತ್ತಿದ್ದವು. ಈ ಸಲ ಅದು ಓಡಲಿಲ್ಲ. ರೆಕ್ಕೆ ಅಗಲ ಮಾಡಿ ಎಲ್ಲವನ್ನೂ ಮುಚ್ಚಿಕೊಂಡಿತು.

"ಕೇಸ್ ಕ್ಲೋಸ್!" ಓಬಳೇಶ ಕುಣಿದ. "ಪಕೀರಮ್ಮತ್ತಿನ ಕರಕೊಂಡು ಬರ್ತೀನಿ!"

"ತಡಿಯಲೇ ಒಂದ್ ನಿಮಿಷ..."

ಯಾಕೆ ತಡೆಯಬೇಕೆಂದು ಅವಳಿಗೇ ಗೊತ್ತಾಗಲಿಲ್ಲ. ದೂರದಲ್ಲಿ ಬಾಳೆಗೊನೆ ಗಾಡಿಯ ಹಾರ್ನ್ ಕೇಳಿಸಿತು. ಟೈಗರ್ ಅದಕ್ಕೂ ಖುಷಿಯಿಂದಲೇ ಬೊಗಳಿತು.

"ಹೋಗು," ಎಂದಳು ಸ್ಫೂರ್ತಿ. "ಜಲ್ದಿ ಹೋಗು."

ಪಕೀರಮ್ಮ ಬಂದವಳೇ ಬಗ್ಗಿ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಯ್ಯ ನಿನ್ನ! ನನಗ ಟೋಪಿ ಹಾಕ್ತೀಯೇನು? ದಿನಾ ತತ್ತಿ ತಗೊಂತೀನಂತ ಇಲ್ಲಿ ಬಚ್ಚಿಟ್ಟಾಳ ನೋಡ್ರಿ, ಮರಿ ಮಾಡ್ಕೊಳ್ಳಾಕ. ಭಾಳ ಶಾಣ್ಯಾಕಿ!" ನಗುನಗುತ್ತಲೇ ಕೋಳಿಯನ್ನು ಎತ್ತಿ ಆಚೆ ಬಿಟ್ಟು, ಮೊಟ್ಟೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡಳು.

ಕೆಂಪಿ ಕುಟುಕಿತು. ಕೂಗಿತು. ಆಮೇಲೆ ಬಂದು ಖಾಲಿ ಗುಳಿಯಲ್ಲಿ ನಿಂತು, ಎಲೆಗಳನ್ನು ಕೊಕ್ಕಿನಿಂದ ಅತ್ತ ಸರಿಸಿ, ಇತ್ತ ಸರಿಸಿ ನೋಡಿತು.

ಬೇವಿನ ಮರದ ಹತ್ತಿರ ಪಕೀರಮ್ಮ ತಾನೇ ಹಗ್ಗ ಬಿಚ್ಚಿ ಟೈಗರ್‌ನ ಮುಂದೆ ರೊಟ್ಟಿ ಇಟ್ಟಳು. "ತಪ್ಪಾತಪ್ಪ. ಇನ್ನ ನಿನ್ನ ಮ್ಯಾಲೆ ಡೌಟಿಲ್ಲ." ಅಪ್ಪ ಗಾಡಿಯಿಂದಿಳಿದು ಬಂದು ಮಗಳ ತಲೆ ಸವರಿದ. ಟೈಗರ್ ರೊಟ್ಟಿ ಬಿಟ್ಟು ಬಂದು ಸ್ಫೂರ್ತಿಯ ಮುಖವನ್ನೆಲ್ಲ ನೆಕ್ಕಿತು. ಅವಳು ಅದರ ಕುತ್ತಿಗೆ ತಬ್ಬಿ ಎಷ್ಟೋ ಹೊತ್ತು ಬಿಡಲಿಲ್ಲ.

ಏಜೆಂಟರಿಗೆ ಇನಾಮೆಂದು ಪಕೀರಮ್ಮ ಎರಡು ಮೊಟ್ಟೆ ಕೊಟ್ಟಿದ್ದಳು. ಅಜ್ಜಿ ಆಮ್ಲೆಟ್ ಹಾಕಿದಳು. ಎರಡನ್ನೂ ಓಬಳೇಶನೇ ತಿಂದ.

"ನಿನಗ ಬ್ಯಾಡೇನು ಚೀಫ್?"

"ಹಸಿವಿಲ್ಲಲೇ."

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಸ್ಫೂರ್ತಿ ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕೂತಿದ್ದಳು. ಕೆಂಪಿ ಓಣಿಯಲ್ಲಿ ಬಂತು. ನಿಂತಿತು. ಕುತ್ತಿಗೆ ಓರೆ ಮಾಡಿ ಅವಳನ್ನು ನೋಡಿತು. ಬಾಳೆತೋಟದ ದಾರಿ ಬಿಟ್ಟು, ಕಬ್ಬಿನ ಗದ್ದೆಯ ಬದುವಿನ ಮೇಲೆ ಮೆಲ್ಲಗೆ ನಡೆದು, ಬಂಡೆಯ ಸಂದಿಯೊಳಗೆ ನುಸುಳಿತು.

ಅಷ್ಟರಲ್ಲಿ ಪಕೀರಮ್ಮ ಬಂದಳು. "ಏನವಾ ಏಜೆಂಟಮ್ಮ, ಬುಟ್ಟಿ ಮತ್ತ ಖಾಲಿ ಐತಿ. ನಮ್ಮಕಿ ಎತ್ತಾಗ ಹೋದ್ಳು, ಕಂಡೇನು?"

ಸ್ಫೂರ್ತಿ ಹುಣಸೆಬೀಜಗಳನ್ನು ಅಂಗೈಯಲ್ಲಿ ಆಡಿಸುತ್ತಾ ಬಾಳೆತೋಟದ ಕಡೆ ನೋಡಿದಳು.

"ಇಲ್ರಿ ಅತ್ತಿ. ನಾ ನೋಡಲಿಲ್ಲ."

ಪಕೀರಮ್ಮ ಅಜ್ಜಿಯತ್ತ ತಿರುಗಿದಳು. ಅಜ್ಜಿ ಒಂದು ಗಳಿಗೆ ಮೊಮ್ಮಗಳ ಮುಖವನ್ನೇ ನೋಡಿದಳು.

"ನನಗ ಕಣ್ಣು ಅಷ್ಟಕ್ಕಷ್ಟೇ ನೋಡವಾ," ಎಂದು ಹುಣಸೆಹಣ್ಣು ಜಜ್ಜತೊಡಗಿದಳು.