ಅಪ್ಪ ಕಾರ್ಬೊರೇಟರ್ ಬಿಚ್ಚಿದ ದಿನ

“ಜೆಟ್ ಎಲ್ಲಿ ಹೋಯ್ತು, ಹಣಮಿ?”

ಅಪ್ಪ ರೇವಣಪ್ಪ ಕೇಳಿದ. ಹಣಮಿ ಅಂಗಳದಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಬಗ್ಗಿ ಬಗ್ಗಿ ನೋಡಿದಳು. ಅಪ್ಪ ಬಿಚ್ಚಿದ ದೋಣಿ ಮೋಟಾರಿನ ಕಾರ್ಬೊರೇಟರ್ ಭಾಗಗಳನ್ನು ತೊಳೆದು, ಸಾಲಾಗಿ ಇಟ್ಟವಳು ಅವಳೇ. ಕಾರ್ಕಿನ ಫ್ಲೋಟ್ ಇತ್ತು, ಸ್ಪ್ರಿಂಗ್ ಇತ್ತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಜೆಟ್ ಮಾತ್ರ ಮಾಯ!

“ಖರೇನೇ ಇಲ್ಲೇ ಇಟ್ಟಿದ್ದೆ ಅಪ್ಪಾ. ಊಟಕ್ಕ ಎದ್ದಾಗೂ ಇತ್ತು.”

“ಇದ್ದದ್ದು ಹಾರಿ ಹೋಯ್ತೇನು? ಈ ಮೋಟಾರ್ ನನಗಿಂತ ಹಳೇದು. ಇದರ ಸಾಮಾನು ಸೋಲಾಪುರದಾಗೂ ಸಿಗಂಗಿಲ್ಲ. ಇನ್ನ ಮ್ಯಾಲ ನೀ ಇದಕ್ಕ ಕೈ ಹಚ್ಚಬ್ಯಾಡ!”

ಜನರನ್ನು ಭೀಮಾ ನದಿ ದಾಟಿಸುವ ಆ ಮೋಟಾರು ಅಂದರೆ ಹಣಮಿಗೆ ಜೀವ. ರಜೆಯೆಲ್ಲ ಅಪ್ಪನ ಬೆನ್ನು ಹತ್ತಿ, ಇವತ್ತಷ್ಟೇ ಒಪ್ಪಿಸಿದ್ದಳು.

ಅಂಗಳವೆಲ್ಲ ಹುಡುಕಿದಳು. ಪಾಪ, ಕೋಳಿಗಳ ಮೇಲೂ ಅನುಮಾನ ಬಂತು. ಕೊನೆಗೆ ಪಡಸಾಲೆಗೆ ಓಡಿದಳು. ಅಲ್ಲಿ ಅಪ್ಪನ ತಾಯಿ, ಆಯಿ ನಿಂಬೆವ್ವ, ತಮ್ಮನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು.

“ಬಾ ಬೇ! ಕೂಸಿನ ಉಡದಾರದ ಮಣಿ ಅಂಗಳದಾಗ ಬಿದ್ದಿತ್ತು. ಪೋಣಿಸಿ ಕಟ್ಟೇನಿ, ಹ್ಯಾಂಗ ಕಾಣ್ತದ ನೋಡು.”

ತಮ್ಮನ ದುಂಡು ಹೊಟ್ಟೆಯ ಕೆಳಗೆ ಜೆಟ್ ಥಳಥಳ ಹೊಳೆಯುತ್ತಿತ್ತು!

ಹಣಮಿ ಕಿಸಕ್ಕನೆ ನಕ್ಕಳು. “ಆಯಿ, ಅದು ಮಣಿ ಅಲ್ಲ, ಅಪ್ಪನ ಮೋಟಾರಿಂದು!”

ಆಯಿಯ ಕೈ ಅಲ್ಲೇ ನಿಂತಿತು. ಆಯಿ ನೋಡುತ್ತಿದ್ದುದು ಹಣಮಿಯನ್ನಲ್ಲ, ಪಕ್ಕದ ಕಂಬವನ್ನು.

“ನಿಮ್ಮಪ್ಪಗ ಹೇಳಬ್ಯಾಡ ಬೇ,” ಅಂದಳು ಮೆಲ್ಲಗೆ. “ಕಣ್ಣು ಹೋಗ್ಯಾವ ಅಂತ ಕೂಸಿನ್ನ ನನ್ನ ಕೈಯಾಗ ಕೊಡಂಗಿಲ್ಲ.”

ಹಣಮಿಗೆ ಮತ್ತೆ ನಗು ಬರಲಿಲ್ಲ. ಜೆಟ್ ಬಿಚ್ಚಿಕೊಂಡು ಅಂಗಳಕ್ಕೆ ಬಂದಳು.

“ಎಲ್ಲಿತ್ತು?” ಅಪ್ಪ ಕೇಳಿದ.

“ನಾನೇ ಬೀಳ್ಸಿದ್ದೆ.”

“ಹೇಳ್ಲಿಲ್ಲಾ ನಾ? ಇನ್ನ ನೀ ಮುಟ್ಟಂಗಿಲ್ಲ.”

“ಮುಟ್ಟಂಗಿಲ್ಲ,” ಅಂದಳು. ಕಣ್ಣಲ್ಲಿ ನೀರು ತುಂಬಿತು.

ಅಪ್ಪ ಜೆಟ್ಟನ್ನು ತುಟಿಗೆ ಹಚ್ಚಿ ಊದಿದ. ಮುಖ ಕಿವಿಚಿದ. ಮೂಸಿ ನೋಡಿದ. ಕೊಬ್ಬರಿ ಎಣ್ಣೆ! ತೂತಿನಲ್ಲಿ ಕರಿ ದಾರದ ಎಳೆಯೊಂದು ಸಿಕ್ಕಿಕೊಂಡಿತ್ತು. ಪಡಸಾಲೆಯ ಕಡೆ ನೋಡಿದ.

“ಹಣಮಿ, ಆಯಿ ಕೂಸಿಗೆ ಎಣ್ಣಿ ಹಚ್ಚೋವಾಗ ದಿನಾ ಬಾಜೂಕ ಕುಂದ್ರು. ಮುಗಿದ ಮ್ಯಾಲ ಇಲ್ಲಿ ಬಾ.”

“ಇಲ್ಲಿಗಾ?”

“ಮತ್ತ? ಮೋಟಾರ್ ಯಾರು ಕೂಡಸ್ತಾರ?” ಅಪ್ಪ ಸ್ಕ್ರೂಡ್ರೈವರ್ ಚಾಚಿದ.

ಒಳಗೆ ತಮ್ಮ ಕೇಕೆ ಹಾಕಿ ನಗುತ್ತಿದ್ದ. ಆಯಿಯನ್ನು ಅಪ್ಪ ಏನೂ ಕೇಳುವುದಿಲ್ಲ ಎಂದು ಹಣಮಿಗೆ ತಿಳಿಯಿತು. ಕಣ್ಣೊರೆಸಿಕೊಂಡು, ಜೆಟ್ಟನ್ನು ಅದರ ಜಾಗದಲ್ಲಿ ಮೆಲ್ಲಗೆ ತಿರುಗಿಸತೊಡಗಿದಳು.